ಸೇರು ಹಿಟ್ಟಿನ ಸಾಲ, ವಾರದ ಕಂತಿನ ಸಾಲ



ನಮ್ಮೂರ ಕಡೆಯವರ ವಾಟ್ಸಾಪ್ ಗುಂಪಲ್ಲಿ ಯಾರೋ "ಆಗ ಬಡತನ ಇತ್ತು, ಆದ್ರೆ ಒಗ್ಗಟ್ಟಿತ್ತು" ಅಂತ ಹಾಕಿದ್ರು. ಲೈಕ್ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಯಾರ ಒಗ್ಗಟ್ಟು?

ನಾನು ಬೆಳೆದದ್ದು ಜಾವಗಲ್ ಹೋಬಳಿಯ ಒಂದು ಕೇರಿಯಲ್ಲಿ. ಮಳೆ ನಂಬಿದ ಸೀಮೆ. ರಾಗಿ, ಹುರುಳಿ, ತೆಂಗು. ಕಾಯಿ ಅವರದು, ಬಿದ್ದ ಸೋಗೆ ನಮ್ಮದು. 2001ರಿಂದ ಮೂರು ವರ್ಷ ಬಿಡದೆ ಬರ ಬಂದಾಗ ನಾನು ಬಿಎ ಓದ್ತಿದ್ದೆ. ಅವ್ವ 'ಕೂಲಿಗಾಗಿ ಕಾಳು' ಕೆಲಸಕ್ಕೆ ಹೋಗಿ ಮಣ್ಣು ಹೊರುತ್ತಿದ್ದಳು. ಸಂಜೆ ಯಾರ ಮನೆ ಒಲೆಯಲ್ಲಿ ಹೊಗೆ ಏಳಲಿಲ್ಲವೋ ಅಲ್ಲಿಗೆ ಪಕ್ಕದ ಮನೆಯಿಂದ ಸೇರು ಹಿಟ್ಟು ಹೋಗುತ್ತಿತ್ತು. ಬಾಯಿಮಟ್ಟ ಅಳೆದು ತಂದದ್ದನ್ನ ಅವ್ವ ತಲೆತುಂಬ ಅಳೆದು ವಾಪಸ್ ಕೊಡೋಳು. ಅಷ್ಟೇ ಬಡ್ಡಿ.

ಅದೇ ಕಾಲದಲ್ಲಿ ಹೋಟ್ಲಲ್ಲಿ ನಮ್ಮ ಲೋಟ ಬೇರೆ. ಮೇಲಿನ ಬೀದೀಲಿ ನೀರು ಕೇಳಿದ್ರೆ ಎತ್ತರದಿಂದ ಬೊಗಸೆಗೆ ಸುರಿಯೋರು. ಬರ ಎಲ್ಲರ ಹೊಲಕ್ಕೂ ಬಂತು, ಬಾವಿ ಮಾತ್ರ ಎಲ್ಲರದಾಗಲಿಲ್ಲ. ಒಗ್ಗಟ್ಟು ಇದ್ದದ್ದು ಕೇರಿಯೊಳಗೆ, ಊರೊಳಗಲ್ಲ.

2013ರಲ್ಲಿ ಅನ್ನಭಾಗ್ಯ ಬಂತು. 2023ರಿಂದ ಅವ್ವನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ. ಇದನ್ನ ಬಿಟ್ಟಿ ಅನ್ನೋರಿಗೆ ಒಂದು ಮಾತು: ಆ ಅಕ್ಕಿ ಹೊಟ್ಟೆ ತುಂಬಿಸಿದ್ದಷ್ಟೇ ಅಲ್ಲ, ಗೌಡರ ಅಂಗಳದಲ್ಲಿ ಕೈಕಟ್ಟಿ ನಿಲ್ಲೋದನ್ನೂ ತಪ್ಪಿಸಿತು.

ಹಂಗಂತ ಕಷ್ಟ ಹೋಯ್ತಾ? ಮದುವೆ, ಆಸ್ಪತ್ರೆ, ಮಕ್ಕಳ ಫೀಸಿಗೆ ಅಕ್ಕಿ ಸಾಲದು. ಅಲ್ಲಿಗೆ ಮೈಕ್ರೋಫೈನಾನ್ಸ್ ಬಂತು. ಹೆಂಗಸರದೊಂದು ಗುಂಪು, ಒಬ್ಬರಿಗೊಬ್ಬರು ಹೊಣೆ, ವಾರವಾರ ಕಂತು. ಒಬ್ಬಳು ತಪ್ಪಿದರೆ ಉಳಿದವರು ತುಂಬಬೇಕು.

ಹೋದ ವರ್ಷ ಪಕ್ಕದ ಮನೆ ಚಿಕ್ಕವ್ವ ಕಂತು ಕಟ್ಟಲಾಗದೆ ಎರಡು ದಿನ ಬಾಗಿಲು ಹಾಕಿಕೊಂಡು ಒಳಗೇ ಕೂತಳು. ಆ ಬಾಗಿಲು ಬಡಿದು "ಆಚೆ ಬಾರೇ, ನಿನ್ನ ದುಡ್ಡು ನಾನು ಕಟ್ಟಬೇಕಾ?" ಅಂತ ಕೂಗಿದ್ದು ವಸೂಲಿಯವನಲ್ಲ. ನಮ್ಮವ್ವ. ಬರದಲ್ಲಿ ಯಾರ ಸೇರು ಹಿಟ್ಟಿನಿಂದ ನಮ್ಮನೆ ಮುದ್ದೆ ಆಯ್ತೋ, ಅವಳ ಬಾಗಿಲದು.

ವಸೂಲಿ ಕಿರುಕುಳ ತಡೆಯೋಕೆ 2025ರಲ್ಲಿ ಸರ್ಕಾರ ಕಾನೂನು ತಂದಿದೆ, 10 ವರ್ಷದವರೆಗೆ ಜೈಲಿದೆ. ಆಫೀಸಲ್ಲಿ ದಿನಾ ಅರ್ಜಿ ನೋಡೋ ಗುಮಾಸ್ತ ನಾನು. ಈ ದೂರನ್ನ ಯಾರ ಮೇಲೆ ಬರೀಲಿ? ಅವ್ವನ ಮೇಲಾ?

ಚಿಕ್ಕವ್ವ ಈಗಲೂ ಪಕ್ಕದಲ್ಲೇ ಇದ್ದಾಳೆ. ಇಬ್ಬರಿಗೂ ಮಾತಿಲ್ಲ. ಇಬ್ಬರ ಮನೇಲೂ ಅಕ್ಕಿ ಇದೆ.

ಆ ಕಾಲ ನನಗೆ ಬೇಡ. ಆ ಲೋಟ ಬೇಡ, ಆ ಹಸಿವು ಬೇಡ. ಆದ್ರೆ ಆ ಸೇರನ್ನ ನಾವೇ ಕಳೆದುಕೊಳ್ಳೋದು ಬೇಡ. ಈ ಭಾನುವಾರ ಸಂಜೆ ಕೇರಿಯವರೆಲ್ಲ ಸಾಲದ ಪುಸ್ತಕ ಹಿಡ್ಕೊಂಡು ಕೂರೋಣ. ಯಾರಿಗೆ ಎಷ್ಟಿದೆ ಅಂತ ಮೊದಲು ಬಾಯಿಬಿಟ್ಟು ಹೇಳೋಣ. ನಾಚಿಕೆ ಬೇಡ. ಲೆಕ್ಕ ನಾನು ಬರೀತೀನಿ. ಅವ್ವನ್ನೂ ಕರ್ಕೊಂಡು ಬರ್ತೀನಿ.

ಜೈಭೀಮ್.