ಕಣ್ಣೂರಿನ ಬೀಡಿ ಚಾವಡಿಗಳಲ್ಲಿ

ಕಾಸರಗೋಡಿನಿಂದ ತೆಂಕಣಕ್ಕೆ ರೈಲಿನಲ್ಲಿ ಹೊರಟವರಿಗೆ ಹೊಳೆಗಳೇ ಮೈಲಿಗಲ್ಲುಗಳು. ಚಂದ್ರಗಿರಿಯನ್ನು ದಾಟಿ, ಹೊಸದುರ್ಗವನ್ನು ಕಳೆದು, ನೀಲೇಶ್ವರದ ಆಚೆ ತೇಜಸ್ವಿನಿಯ ಸೇತುವೆಯ ಮೇಲೆ ಬಂಡಿ ಸದ್ದುಮಾಡತೊಡಗಿದಾಗ ನಮ್ಮೊಳಗಿನ ಹಿರಿಯರು ಮೂಡುದಿಕ್ಕಿಗೆ ಕೈತೋರಿ ಕಯ್ಯೂರಿನ ಹೆಸರೆತ್ತುವುದು ವಾಡಿಕೆ. 1943ರಲ್ಲಿ ಗಲ್ಲಿಗೇರಿದ ಅಲ್ಲಿಯ ನಾಲ್ವರ ಕಥೆಯನ್ನು ನಿರಂಜನರ 'ಚಿರಸ್ಮರಣೆ'ಯ ಮೂಲಕ ನಮ್ಮ ಮನೆಮನೆಗಳು ಅರಿತಿವೆ. ಈ ಸಲ ನಮ್ಮ ಪಯಣ ಮಾತ್ರ ಕಯ್ಯೂರಿಗಲ್ಲ; ಇನ್ನೂ ತೆಂಕಲಿನ ಕಣ್ಣೂರಿಗೆ, ಬೀಡಿಯ ಕೆಲಸವನ್ನು ನೋಡಲಿಕ್ಕೆ.

ಬೀಡಿ ಕಟ್ಟುವುದನ್ನು ನೋಡಲು ಕಣ್ಣೂರಿಗೇಕೆ ಹೋಗಬೇಕು, ಮಂಜೇಶ್ವರದ ಯಾವ ಜಗಲಿಯಲ್ಲಿ ಕುಳಿತರೂ ಕಾಣುವುದಲ್ಲವೆ ಎಂದು ಮನೆಯ ಹೆಂಗಸರು ನಕ್ಕರು. ಮಾತು ಸುಳ್ಳಲ್ಲ. ನೆನೆಸಿಟ್ಟ ಎಲೆಯನ್ನು ಅಳತೆಗೆ ಕತ್ತರಿಸಿ, ಮಡಿಲ ತಡಪೆಯಲ್ಲಿನ ಹೊಗೆಸೊಪ್ಪಿನ ಪುಡಿಯನ್ನು ಚಿಟಿಕೆಯಷ್ಟು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ಆ ಬೆರಳುಗಳ ಓಟ ಇಲ್ಲಿಯೂ ಅದೇ, ಅಲ್ಲಿಯೂ ಅದೇ. ವ್ಯತ್ಯಾಸವಿರುವುದು ಕೂರುವ ರೀತಿಯಲ್ಲಿ. ನಮ್ಮ ಕಡೆ ಅಡುಗೆ ಮುಗಿಸಿದ ಗೃಹಿಣಿ ಒಬ್ಬಳೇ ಗೋಡೆಗೊರಗಿ ಕುಳಿತಿರುತ್ತಾಳೆ. ಕಣ್ಣೂರಿನಲ್ಲಿ ಒಂದೇ ಮಾಡಿನ ಕೆಳಗೆ ಸಾಲುಸಾಲಾಗಿ ಕುಳಿತಿರುತ್ತಾರೆ. ಈ ಸಣ್ಣ ವ್ಯತ್ಯಾಸದ ಹಿಂದೆ ದೊಡ್ಡ ಚರಿತ್ರೆಯಿದೆ.

ಆ ಚರಿತ್ರೆಯ ಒಂದು ಕೊನೆ ಮಂಗಳೂರಿನಲ್ಲಿಯೇ ಇದೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕೆಲಸದ ಸ್ಥಿತಿಗತಿಗಳನ್ನು ಕುರಿತ ಶಾಸನವು 1966ರಲ್ಲಿ ಕೇಂದ್ರದಲ್ಲಿ ಅಂಗೀಕಾರವಾಯಿತು. ಕೇರಳ ಸರಕಾರವು ಅದನ್ನು ಜಾರಿಗೆ ತರಲು ಮುಂದಾದಾಗ, 1968ರ ಅಕ್ಟೋಬರದಲ್ಲಿ ಮಂಗಳೂರಿನ ಗಣೇಶ ಬೀಡಿ ಸಂಸ್ಥೆಯೂ ಇತರ ಮಾಲೀಕರೂ ಕಣ್ಣೂರು ಸೀಮೆಯ ತಮ್ಮ ಕೆಲಸದ ಮನೆಗಳನ್ನು ಮುಚ್ಚಿದರು. ಸುಮಾರು 12,000 ಮಂದಿಯ ಒಲೆ ಆರಿತು. ಶಾಸನವನ್ನು ಪ್ರಶ್ನಿಸಿ ಆ ಸಂಸ್ಥೆ ಹೂಡಿದ ದಾವೆಯು ಸುಪ್ರೀಂ ಕೋರ್ಟಿನ ವರೆಗೆ ಹೋಗಿ, 1974ರಲ್ಲಿ ಶಾಸನವೇ ಊರ್ಜಿತವಾಯಿತು. ಆದರೆ ಹಸಿದವರು ಆರು ವರ್ಷ ಕಾಯಲಾರರಷ್ಟೆ! ಮಾಲೀಕನಿಲ್ಲದೆ ಬೀಡಿ ಕಟ್ಟಲಾಗದೆ ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿತು. 1969ರ ಫೆಬ್ರವರಿಯಲ್ಲಿ ದಿನೇಶ ಬೀಡಿ ಕಾರ್ಮಿಕರ ಕೇಂದ್ರ ಸಹಕಾರ ಸಂಘವು ನೋಂದಣಿಯಾಯಿತು. ಅದರ ಕೆಳಗೆ ಇಪ್ಪತ್ತು ಪ್ರಾಥಮಿಕ ಸಂಘಗಳು, ಆರಂಭದಲ್ಲಿ ಸುಮಾರು 3,000 ಕೆಲಸಗಾರರು. ಇಪ್ಪತ್ತು ರೂಪಾಯಿಯ ಪಾಲಿಗೆ ಕೆಲಸಗಾರನು ತನ್ನ ಕೈಯಿಂದ ಹಾಕಿದ್ದು ಒಂದು ರೂಪಾಯಿ. ಉಳಿದದ್ದು ಸರಕಾರದ ಸಾಲ. ಗಣೇಶನು ಎದ್ದುಹೋದ ಪೀಠದಲ್ಲಿ ದಿನೇಶನು ಬಂದು ಕುಳಿತನೆಂದು ನಮ್ಮ ಜೊತೆಗಾರರೊಬ್ಬರು ಪ್ರಾಸ ಕಟ್ಟಿದರು. 1980ರ ದಶಕದ ಮೊದಲ ವರ್ಷಗಳಲ್ಲಿ ಕೆಲಸಗಾರರ ಸಂಖ್ಯೆ 40,000ವನ್ನು ಮೀರಿತ್ತು. ಕಾಸರಗೋಡು 1984ರ ವರೆಗೆ ಕಣ್ಣೂರು ಜಿಲ್ಲೆಯೊಳಗೇ ಇದ್ದುದರಿಂದ ನಮ್ಮ ಸೀಮೆಯವರೂ ಇದರಲ್ಲಿ ಸೇರಿದ್ದರು.

ಪ್ರಾಥಮಿಕ ಸಂಘದ ನಿರ್ದೇಶಕರನ್ನು ಬೀಡಿ ಕಟ್ಟುವವರೇ ತಮ್ಮೊಳಗಿಂದ ಆರಿಸುತ್ತಿದ್ದರು. ವಾರದ ರಜೆ, ಭವಿಷ್ಯನಿಧಿ, ಬೋನಸ್ಸು, ಹೆರಿಗೆಯ ರಜೆ ಇವೆಲ್ಲ ಬೀಡಿಯ ಕೆಲಸಕ್ಕೂ ಉಂಟೆಂದು ಊರಿಗೆ ತಿಳಿದದ್ದು ಇಲ್ಲಿಂದ. ಇವೆಲ್ಲಕ್ಕಿಂತ ನಮ್ಮನ್ನು ಸೆಳೆದದ್ದು ಓದು. ಒಂದು ಚಾವಡಿಯಲ್ಲಿ ನಾವು ಕಂಡ ವೃದ್ಧರೊಬ್ಬರು ಯೌವನದಲ್ಲಿ ಓದುಗರಾಗಿದ್ದವರು. ಅವರ ಮುಂದೆ ಎಲೆಯೂ ಇರುತ್ತಿರಲಿಲ್ಲ, ಕತ್ತರಿಯೂ ಇರುತ್ತಿರಲಿಲ್ಲ. ಬೆಳಗ್ಗೆ ಪತ್ರಿಕೆ, ಮಧ್ಯಾಹ್ನದ ಮೇಲೆ ಕಥೆ ಕಾದಂಬರಿ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುವುದು. ಅಷ್ಟು ಹೊತ್ತಿನಲ್ಲಿ ಅವರು ಕಟ್ಟಬೇಕಾಗಿದ್ದ ಬೀಡಿಗಳನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಿದ್ದರು.

"ತಪ್ಪು ಓದಿದರೆ ಸುಮ್ಮನಿರುತ್ತಿದ್ದರೆ?" ಎಂದು ಕೇಳಿದೆವು.

"ಓದಿದ್ದು ತಪ್ಪಾದರೆ ಒಬ್ಬರು ತಿದ್ದುವರು, ಪತ್ರಿಕೆಯವನೇ ತಪ್ಪು ಬರೆದಿದ್ದರೆ ಹತ್ತು ಮಂದಿ ತಿದ್ದುವರು" ಎಂದರು ಆ ಹಿರಿಯರು. ಶಾಲೆಯ ಮೆಟ್ಟಿಲನ್ನು ಹತ್ತದವರೂ ಲೋಕದ ರಾಜಕಾರಣವನ್ನು ಚರ್ಚಿಸುತ್ತಿದ್ದರಂತೆ.

ಈ ಪದ್ಧತಿಗೆ ಕಡಲಾಚೆ ಒಬ್ಬ ಅಣ್ಣನಿದ್ದಾನೆಂಬುದನ್ನು ಓದುಗರು ಕೇಳಿರಲಾರರು. ಕ್ಯೂಬಾ ದೇಶದ ಹವಾನಾ ನಗರದ ಚುಟ್ಟಾ ಕಾರ್ಖಾನೆಗಳಲ್ಲಿ 1865ರ ಸುಮಾರಿಗೇ ಕೆಲಸಗಾರರು ತಮ್ಮ ಖರ್ಚಿನಿಂದ ಓದುಗರನ್ನು ನೇಮಿಸಿಕೊಂಡಿದ್ದರು. ಅಲ್ಲಿಂದ ಅಮೆರಿಕದ ಟ್ಯಾಂಪಾ ಪಟ್ಟಣಕ್ಕೆ ವಲಸೆ ಹೋದವರು ಓದನ್ನೂ ಜೊತೆಗೊಯ್ದರು. 1931ರಲ್ಲಿ ಮಾಲೀಕರು ಓದುಗರನ್ನು ಹೊರಹಾಕಿದಾಗ ಅಲ್ಲಿ ಮುಷ್ಕರವೇ ನಡೆಯಿತು. ಆ ಓದಿನ ಮೂಲಕ ಹಬ್ಬಿದ ವಿಚಾರಗಳಲ್ಲಿ ಮುಖ್ಯವಾದುದು ಅರಾಜಕ ಸಂಘವಾದ. ಅರಾಜಕವೆಂದೊಡನೆ ಲೂಟಿ, ಬೆಂಕಿ ನಮ್ಮ ಕಣ್ಣಿಗೆ ಕಟ್ಟುತ್ತವೆ. ಅವರ ಅರ್ಥ ಬೇರೆ. ಧಣಿಯೂ ಬೇಡ, ದೊರೆಯೂ ಬೇಡ. ದುಡಿಯುವವರ ಸಂಘಗಳೇ ಕಾರ್ಖಾನೆಯನ್ನೂ ಊರನ್ನೂ ನಡೆಸಲಿ ಎಂಬುದು ಅವರ ಮತ. 1936ರ ಜುಲೈಯಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಸೇನೆಯ ದಂಗೆಯನ್ನು ಮುರಿದ ಬಳಿಕ ಆ ಮತದವರು ಟ್ರಾಮುಗಳಿಗೆ ಕೆಂಪು-ಕಪ್ಪು ಬಣ್ಣ ಬಳಿದು ತಾವೇ ಓಡಿಸಿ ತೋರಿಸಿದರು. ಒಳಯುದ್ಧದ ನಡುವೆ ಅದು ಬಹುಕಾಲ ಬಾಳಲಿಲ್ಲ.

ಆ ಅಳತೆಗೋಲಿನಿಂದ ಅಳೆದರೆ ಕಣ್ಣೂರಿನದು ಅಪ್ಪಟವಲ್ಲ. ಇಲ್ಲಿ ಸರಕಾರವು ವೈರಿಯಾಗಿರಲಿಲ್ಲ, ಸಾಲಗಾರನಾಗಿತ್ತು. ಆಗಿನ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರ ಮಂತ್ರಿಮಂಡಲದ ಬೆಂಬಲವಿಲ್ಲದೆ ಸಂಘವು ತಲೆಯೆತ್ತುತ್ತಿರಲಿಲ್ಲ. ಪಕ್ಷದ ನೆರಳೂ ದಟ್ಟವಾಗಿಯೇ ಇತ್ತು. ಹೀಗಿದ್ದರೂ ಓದುಗನನ್ನು ಆರಿಸಿ ಅವನ ಪಾಲಿನ ಬೀಡಿಗಳನ್ನು ತಾವು ಕಟ್ಟಿಕೊಟ್ಟದ್ದು ಯಾವ ಸರಕಾರದ ಆದೇಶದಿಂದಲೂ ಅಲ್ಲ. ಆ ರೂಢಿ ಸಂಘಕ್ಕಿಂತ ಹಳೆಯದು. ಸಾಲ ಬಂದಾಗ ಅದನ್ನು ಹಿಡಿದು ನಿಲ್ಲಿಸಲು ಬೇಕಾದ ಕೂಟವು ಮೊದಲೇ ಸಿದ್ಧವಾಗಿತ್ತೆಂದು ನಾವು ತಿಳಿಯುತ್ತೇವೆ. ಮನೆಮನೆಗೆ ಎಲೆ ಹಂಚುವ ಪದ್ಧತಿಯಲ್ಲಿ ಅಂತಹ ಕೂಟವೇ ಕೂಡಲಾರದು.

ಸಂಜೆ ಪಯ್ಯಾಂಬಲದ ಕಡಲ ತಡಿಗೆ ನಡೆದೆವು. ಎ.ಕೆ. ಗೋಪಾಲನ್, ಇ.ಕೆ. ನಾಯನಾರ್ ಮೊದಲಾದವರ ಸಮಾಧಿಗಳು ಅಲ್ಲಿವೆ. ಕಾರ್ಲ್ ಮಾರ್ಕ್ಸನ ಚರಿತ್ರೆಯನ್ನು 1912ರಷ್ಟು ಹಿಂದೆಯೇ ಮಲಯಾಳದಲ್ಲಿ ಬರೆದ ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆಯವರೂ, ತಿರುವಾಂಕೂರಿನಿಂದ ಗಡೀಪಾರಾಗಿ ಬಂದು, ಇಲ್ಲಿಯೇ ಮಲಗಿದ್ದಾರೆ. ಗಾಳಿ ಬಲವಾಗಿದ್ದುದರಿಂದ ಬೇಗನೆ ಹಿಂದಿರುಗಿದೆವು.

ಇಂದು ಚಾವಡಿಗಳಲ್ಲಿ ಖಾಲಿ ಚಾಪೆಗಳೇ ಹೆಚ್ಚು. ಬೀಡಿ ಸೇದುವವರು ಕಡಿಮೆಯಾದರು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ಕೇರಳದ ಹೈಕೋರ್ಟು 1999ರಲ್ಲಿಯೇ ನಿಷೇಧಿಸಿತು. ಎದೆಗೆ ಕೆಡುಕಾದ ಪದಾರ್ಥವನ್ನು ಮಾಡಿ ಬದುಕಿದ ಸಂಘವಿದು ಎಂಬುದನ್ನು ಮರೆಮಾಚುವಂತಿಲ್ಲ. ಆ ಪುಡಿಯ ಘಾಟು ಕಟ್ಟುವವರ ಎದೆಯನ್ನೂ ಬಿಟ್ಟಿಲ್ಲ. ಸಂಘವು 1990ರ ದಶಕದ ಕೊನೆಯಿಂದ ಕೊಡೆ, ಮಸಾಲೆಪುಡಿ, ತೆಂಗಿನಹಾಲು, ಸಿದ್ಧ ಉಡುಪುಗಳ ಕಡೆಗೆ ತಿರುಗಿತು. ನಾವೂ ಎರಡು ಕೊಡೆಗಳನ್ನು ಕೊಂಡೆವು.

ಹೊರಡುವ ಮೊದಲು ಸಾಲಿನ ತುದಿಯಲ್ಲಿದ್ದ ಹೆಂಗಸೊಬ್ಬಳು, ನಾವು ಗಡಿಸೀಮೆಯವರೆಂದು ತಿಳಿದು, ಅಲ್ಲಿ ಸಾವಿರ ಬೀಡಿಗೆ ಎಷ್ಟು ಕೊಡುತ್ತಾರೆಂದು ಕೇಳಿದಳು. ಹೇಳಿದೆವು. ಒಳ್ಳೆಯದು ಕೆಟ್ಟದ್ದು ಆರಿಸುವವರು ಯಾರೆಂದು ಮತ್ತೆ ಕೇಳಿದಳು. ಕಂಟ್ರಾಕ್ಟುದಾರನೆಂದೆವು, ಆತನು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ, ಎಲೆ ಸಾಲದೆ ಬಂದರೆ ಹೆಂಗಸರೇ ಅಂಗಡಿಯಿಂದ ಕೊಂಡು ತುಂಬಿಸಬೇಕಾಗುತ್ತದೆ ಎಂದೂ ವಿವರಿಸಿದೆವು. ಅವಳು ಪಕ್ಕದವಳಿಗೆ ಅದನ್ನು ಹೇಳಿದಳು, ಅವಳು ಅದರಾಚೆಯವಳಿಗೆ. ಸಾಲಿನ ಇನ್ನೊಂದು ತುದಿಯಿಂದ, ಅವರೆಲ್ಲ ವಾರಕ್ಕೊಮ್ಮೆಯಾದರೂ ಒಂದೆಡೆ ಕೂರುವುದಿಲ್ಲವೆ ಎಂಬ ಪ್ರಶ್ನೆ ನಮಗೆ ತಿರುಗಿ ಬಂತು. ಬೀಡಿ ಕೊಡಲು ಬ್ರಾಂಚಿನ ಮುಂದೆ ಸಾಲು ನಿಲ್ಲುತ್ತಾರೆ ಎಂದೆವು.