ಕ್ಷೌರದ ಕತ್ತಿ

ಲೋಕದಲ್ಲಿ ಹವ್ಯಾಸಗಳು ಹಲವು. ಕೆಲವರು ಅಂಚೆಚೀಟಿಗಳನ್ನು ಕೂಡಿಡುತ್ತಾರೆ. ಕೆಲವರು ಗುಲಾಬಿ ಬೆಳೆಸುತ್ತಾರೆ. ಹೆಬ್ಬಾಳದ ಕೆರೆಯ ದಂಡೆಯಲ್ಲಿ ಬೆಳಗಿನ ಜಾವವೇ ದುರ್ಬೀನು ಹಿಡಿದು ಹಕ್ಕಿಗಳಿಗಾಗಿ ಕಾದು ನಿಲ್ಲುವವರನ್ನು ನಾನು ಬಲ್ಲೆ. ಅವರನ್ನು ಕಂಡು ಯಾರೂ ನಗುವುದಿಲ್ಲ. ನನ್ನ ಹವ್ಯಾಸವನ್ನು ಹೇಳಿದರೆ ಮಾತ್ರ ಎದುರಿಗಿದ್ದವರಿಗೆ ನಗು ತಡೆಯುವುದಿಲ್ಲ. ಮಡಚುವ ಹಳೆಯ ಕಾಲದ ಕತ್ತಿಯಿಂದ ದಿನವೂ ನನ್ನ ಗಡ್ಡವನ್ನು ನಾನೇ ಹೆರೆದುಕೊಳ್ಳುವುದು ನನ್ನ ಹವ್ಯಾಸ. "ಅದು ಕೆಲಸವಲ್ಲವೇ? ಹವ್ಯಾಸ ಹೇಗಾಯಿತು?" ಎಂದು ಕೇಳುವವರುಂಟು. ಐದು ನಿಮಿಷದಲ್ಲಿ ಮುಗಿಯುವುದನ್ನು ಸಂತೋಷದಿಂದ ಇಪ್ಪತ್ತು ನಿಮಿಷ ಮಾಡುವವನ ಕೆಲಸಕ್ಕೆ ಬೇರೆ ಯಾವ ಹೆಸರಿಡಬೇಕೋ ನಾನರಿಯೆ.

ಈ ಕತ್ತಿ ನಾನು ಕೊಂಡುದಲ್ಲ. ಯಲಹಂಕದ ಹಳೆಯ ಊರಿನಲ್ಲಿದ್ದ ನಮ್ಮ ಮನೆಗೆ ಒಬ್ಬ ಮುದುಕರು ಕ್ಷೌರಕ್ಕಾಗಿ ಬರುತ್ತಿದ್ದರು. ಅವರ ಕಂಕುಳಲ್ಲಿ ಒಂದು ಚರ್ಮದ ಹಡಪ. ಅದರೊಳಗೆ ಕತ್ತಿ, ಕತ್ತರಿ, ಮಸೆಯುವ ಕಲ್ಲು, ಹಿತ್ತಾಳೆಯ ಬಟ್ಟಲು, ಪಟಿಕದ ಹರಳು. ವಯಸ್ಸಿನಲ್ಲಿ ಅವರು ನಮ್ಮ ತಂದೆಗಿಂತ ಹಿರಿಯರು. ಆದರೂ ತಂದೆಯವರು ಅವರನ್ನು ಹೆಸರು ಹಿಡಿದು ಏಕವಚನದಲ್ಲಿ ಕೂಗುತ್ತಿದ್ದರು. ಅವರು ತಂದೆಯವರನ್ನು "ಬುದ್ಧಿ" ಎನ್ನುತ್ತಿದ್ದರು. ಕ್ಷೌರವೆಲ್ಲ ಹಿತ್ತಿಲ ಕಲ್ಲಿನ ಮೇಲೆ. ಅದು ಮುಗಿದೊಡನೆ ತಂದೆಯವರು ಸ್ನಾನ ಮಾಡದೆ ಒಳಗೆ ಕಾಲಿಡುತ್ತಿರಲಿಲ್ಲ. ಮುದುಕರಂತೂ ಎಂದೂ ಒಳಗೆ ಬಂದವರಲ್ಲ.

ಇದರಲ್ಲಿ ಒಂದು ವಿಚಿತ್ರವಿತ್ತು. ಹಳೆಯ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಮದುವೆಗೆ ಓಲಗ ಊದುವವರೂ ಇದೇ ಜನ. ನಮ್ಮ ಅಕ್ಕನ ಮದುವೆಯಲ್ಲಿ ಆ ಮುದುಕರೇ ಜರಿಯ ಪೇಟ ಸುತ್ತಿ, ಚಪ್ಪರದಲ್ಲಿ ಕುಳಿತು ನಾಗಸ್ವರ ನುಡಿಸಿದರು. ಅವರ ವಾದ್ಯ ಮೊಳಗದೆ ತಾಳಿ ಕಟ್ಟುವಂತಿರಲಿಲ್ಲ. ಅದಕ್ಕೆ ಮಂಗಳವಾದ್ಯವೆಂದೇ ಹೆಸರು. ಭಾನುವಾರ ಯಾರ ಉಸಿರು ಮಂಗಳವೋ ಬುಧವಾರ ಅವರ ನೆರಳು ಹಿತ್ತಿಲನ್ನು ದಾಟಬಾರದು. ನಿಶ್ಚಿಂತೆಯಿಂದ ಕೊರಳನ್ನೇ ಯಾರ ಕತ್ತಿಗೆ ಒಡ್ಡುತ್ತೇವೆಯೋ ಅವರ ಕೈಯ ನೀರನ್ನು ಕುಡಿಯಬಾರದು. ಈ ಲೆಕ್ಕ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವರ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸುವವರನ್ನು ಇಂದಿಗೂ ಕೇಳುತ್ತೇನೆ. ಬೈಯುವವರ ಕೆನ್ನೆ ನುಣುಪಾಗಿರುತ್ತದೆ ಎಂಬುದನ್ನೂ ಗಮನಿಸಿದ್ದೇನೆ.

1992ರಲ್ಲಿ ಅವರ ಕಣ್ಣು ಮಬ್ಬಾಯಿತು. ಒಂದು ದಿನ ಬಂದು, ಕತ್ತಿ, ಕಲ್ಲು, ಚರ್ಮದ ಪಟ್ಟಿಗಳನ್ನು ನನ್ನ ಮುಂದಿಟ್ಟರು.

"ಇದನ್ನು ನನಗೇಕೆ ಕೊಡುತ್ತೀರಿ, ತಾತ? ಮಗನಿಗೆ ಕೊಡಬಾರದೇ?" ಎಂದೆ.

"ಅವನ ಅಂಗಡೀಲಿ ಇದಕ್ಕೆ ಕೆಲಸ ಇಲ್ಲ, ಸ್ವಾಮಿ. ಅಲ್ಲೇನಿದ್ದರೂ ಬ್ಲೇಡು. ಕಲ್ಲನ್ನ ಬೇಕಾದರೆ ಅವನೇ ಇಟ್ಟುಕೊಳ್ಳಲಿ. ಕತ್ತಿ ದಿನಾ ಕೈಯಾಡಿದರೆ ಉಳಿಯುತ್ತೆ, ಪೆಟ್ಟಿಗೇಲಿಟ್ಟರೆ ತುಕ್ಕು ತಿನ್ನುತ್ತೆ. ನೀವು ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂತು ನೋಡುತ್ತಿದ್ದಿರಲ್ಲ" ಎಂದರು.

ನನ್ನನ್ನು ಸ್ವಾಮಿ ಎನ್ನಬೇಡಿರೆಂದು ಕೇಳಿಕೊಂಡೆ. ನಕ್ಕರು; ಹಾಗೆ ಕರೆಯುವುದನ್ನು ಮಾತ್ರ ಬಿಡಲಿಲ್ಲ. ಕತ್ತಿ ಹಿತ್ತಿಲಲ್ಲೇ ಇರಲಿ, ಒಳಗೆ ತರಬೇಡವೆಂದು ನಮ್ಮ ಸೋದರತ್ತೆ ಹೇಳಿದರು. ಅಂದೇ ಅದು ನಡುಮನೆಯ ಗೂಡನ್ನು ಸೇರಿತು. ಈಗಲೂ ಅಲ್ಲಿಯೇ ಇದೆ.

ಅಂಗಡಿಗಳು ಹಳೆಯ ಕತ್ತಿಯನ್ನು ಬಿಟ್ಟುದರಲ್ಲಿ ತಪ್ಪೇನೂ ಇಲ್ಲ. ಅಮೆರಿಕದ ಜಿಲೆಟ್ ಎಂಬಾತ ಬಳಸಿ ಎಸೆಯುವ ಬ್ಲೇಡನ್ನು 1903ರಲ್ಲಿ ಮಾರುಕಟ್ಟೆಗೆ ತಂದಾಗ ಮೊದಲ ವರ್ಷ ಮಾರಾಟವಾದ ಕ್ಷೌರದ ಹಿಡಿಗಳು ಕೇವಲ 51. ಮರುವರ್ಷ ಅವು 90,000ವನ್ನು ಮೀರಿದವು. ಮನೆಮನೆಯ ಕ್ಷೌರ ಹೀಗೆ ಬದಲಾಯಿತು. ನಮ್ಮ ದೇಶದಲ್ಲಿ 1986ರಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದ ಮೇಲೆ, ಒಂದೇ ಕತ್ತಿ ಹಲವರ ಮುಖದ ಮೇಲೆ ಆಡುವುದು ಅಪಾಯವೆಂಬ ಅರಿವು ಹರಡಿತು. ಪ್ರತಿಯೊಬ್ಬರಿಗೂ ಹೊಸ ಬ್ಲೇಡಿನ ತುಂಡು ಹಾಕುವ ಹಿಡಿ ಅಂಗಡಿಗಳಲ್ಲಿ ರೂಢಿಯಾಯಿತು. ಅದು ಆಗಬೇಕಾದುದೇ. ನನ್ನ ಕತ್ತಿ ನನ್ನೊಬ್ಬನದೇ ಆದುದರಿಂದ ನನಗೆ ಆ ಭಯವಿಲ್ಲ.

ಕತ್ತಿಯ ಅಲಗಿನ ಬುಡದಲ್ಲಿ ಷೆಫೀಲ್ಡ್ ಎಂಬ ಅಕ್ಷರಗಳು ಸವೆದುಹೋಗಿವೆ. ಅದು ಇಂಗ್ಲೆಂಡಿನ ಉಕ್ಕಿನ ಊರು. ಪರದೇಶದ ಸರಕು ಎಂದು ಮೊದಲು ಭಾವಿಸಿದ್ದೆ. ಕಥೆ ಅಷ್ಟು ಸರಳವಲ್ಲ. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಮುಂಬಯಿಯಿಂದ ಲಂಡನ್ನಿಗೆ ಭಾರತದ ಉಕ್ಕಿನ ಗಟ್ಟಿಗಳನ್ನು ಕಳುಹಿಸಿದ. ಆ ಉಕ್ಕು ಅಲ್ಲಿ 'ವೂಟ್ಜ್' ಎಂದು ಹೆಸರಾಯಿತು. ಆ ಪದ ನಮ್ಮ ಕನ್ನಡದ 'ಉಕ್ಕು' ಎಂಬುದರ ತಿರುಚಿದ ರೂಪವೆಂದು ವಿದ್ವಾಂಸರು ಹೇಳುತ್ತಾರೆ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿಗಾರ ತನ್ನ ಅಂಗಡಿಯ ಚೀಟಿಯಲ್ಲಿ, ತಾನು ಕ್ಷೌರದ ಕತ್ತಿಗಳನ್ನೂ ಶಸ್ತ್ರವೈದ್ಯರ ಉಪಕರಣಗಳನ್ನೂ ಈ ವೂಟ್ಜ್‌ನಿಂದ ಮಾಡುವುದಾಗಿ, ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಇದನ್ನೇ ಮೆಚ್ಚುವುದಾಗಿ ಅಚ್ಚುಹಾಕಿಸಿದ್ದ. ವಿದ್ಯುತ್ತಿನ ಪಾಠದಲ್ಲಿ ನೀವು ಕೇಳಿರುವ ಮೈಕೇಲ್ ಫ್ಯಾರಡೆ ಇವನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಅರಸಿದ. ತಾನು ಬೆರೆಸಿ ಮಾಡಿದ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಗೆಳೆಯರಿಗೆ ಕೊಟ್ಟ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡನ್ನು ತಂಗಡಿಯ ಕಟ್ಟಿಗೆ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಕಟ್ಟಿಗೆಯ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ಯಶವಂತಪುರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರೂ ಅದೇ ಆವರಣದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರೂ 2004ರಲ್ಲಿ ಈ ಉಕ್ಕಿನ ಇತಿಹಾಸವನ್ನು ಒಂದು ಪುಸ್ತಕವಾಗಿಯೇ ಹೊರತಂದರು.

ಇನ್ನು ಕತ್ತಿಯ ಸೇವೆ. ಮೊದಲು ಚರ್ಮದ ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು, ಅಲಗನ್ನು ಮಲಗಿಸಿ, ಬೆನ್ನು ಮುಂದಾಗಿ ಅಂಚು ಹಿಂದಾಗಿ ಮೂವತ್ತು ನಲವತ್ತು ಬಾರಿ ತೀಡಬೇಕು. ಕಲ್ಲಿನ ಮೇಲೆ ಮಸೆಯುವಾಗ ಇದಕ್ಕೆ ವಿರುದ್ಧ. ಅಲ್ಲಿ ಅಂಚೇ ಮುಂದು. ಅಲಗಿನ ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗುವುದರಿಂದ, ಮಸೆಯಬೇಕಾದ ಕೋನವನ್ನು ಬೆನ್ನಿನ ದಪ್ಪವೇ ನಿರ್ಧರಿಸಿಬಿಡುತ್ತದೆ. ಇದನ್ನು ಮೊದಲು ಯೋಚಿಸಿದವನು ಸಾಮಾನ್ಯನಲ್ಲ. ಅಷ್ಟು ಮೃದುವಾದ ಕೂದಲು ಉಕ್ಕನ್ನು ಹೇಗೆ ಮೊಂಡಾಗಿಸುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತ್ತು. 2020ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು: ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಅಂಚಿನ ಕೆಳಗೆ ಬಾಗಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು ಸಿಡಿಯುತ್ತದೆ.

ಬಳಿಕ ಬಿಸಿನೀರು, ಕುಂಚ, ನೊರೆ. ಎಡಗೈಯಿಂದ ಕೆನ್ನೆಯ ಚರ್ಮವನ್ನು ಬಿಗಿಹಿಡಿದು, ಅಲಗನ್ನು ಸುಮಾರು ಮೂವತ್ತು ಡಿಗ್ರಿ ಓರೆಯಾಗಿಸಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆಯಬೇಕು, ಒತ್ತಬಾರದು. ಕತ್ತಿಯ ಭಾರವೇ ಸಾಕು. ಆಗ ಕೇಳಿಸುವ ಸರಸರ ಸದ್ದು, ಒಣಗಿದ ರಾಗಿಯ ಹುಲ್ಲಿನ ಮೇಲೆ ಯಾರೋ ಮೆಲ್ಲನೆ ನಡೆದಂತೆ. ಕ್ಷೌರಿಕರು ವಾಚಾಳಿಗಳೆಂದು ಲೋಕ ಹೇಳುತ್ತದೆ. ಪಾಪ, ಅವರೇನು ಮಾಡಬೇಕು? ಕೆನ್ನೆಯ ಮೇಲೆ ಕತ್ತಿ ಇರುವಷ್ಟು ಹೊತ್ತು ಗಿರಾಕಿ ಬಾಯಿ ತೆರೆಯುವಂತಿಲ್ಲ. ಇಬ್ಬರ ಪಾಲಿನ ಮಾತನ್ನೂ ಅವರೊಬ್ಬರೇ ಆಡಬೇಕಾಗುತ್ತದೆ. ನನ್ನ ಮನೆಯಲ್ಲಿ ಮಾತ್ರ ಆ ಇಪ್ಪತ್ತು ನಿಮಿಷ ಸಂಪೂರ್ಣ ಮೌನ. ಫೋನು ಬಡಿದುಕೊಂಡರೂ ನಾನು ಅಲುಗುವುದಿಲ್ಲ.

ವರ್ಷಕ್ಕೆರಡು ಬಾರಿ ಕತ್ತಿಗೆ ಕಲ್ಲು ಕಾಣಿಸಬೇಕು. ಆ ಕೈಚಳಕ ನನ್ನದಲ್ಲ. ಯಶವಂತಪುರದಲ್ಲಿರುವ ಮುದುಕರ ಮಗನ ಅಂಗಡಿಗೆ ಒಯ್ಯುತ್ತೇನೆ. ತಾತ ಈಗಿಲ್ಲ, ಕನ್ನಡಿಯ ಮೇಲೆ ನಾಗಸ್ವರ ಹಿಡಿದ ಅವರ ಚಿತ್ರವಿದೆ. ಮಗ ನನ್ನನ್ನು "ಬನ್ನಿ ಸಾರ್" ಎಂದು ಕುರ್ಚಿಯಲ್ಲಿ ಕೂರಿಸಿ, ಮೇಜಿನ ಕೆಳಗಿನಿಂದ ತಂದೆಯ ಕಲ್ಲನ್ನು ತೆಗೆದು, ನೀರು ಚಿಮುಕಿಸಿ ಮಸೆಯಲು ತೊಡಗುತ್ತಾರೆ. ಸರದಿಗಾಗಿ ಕಾದಿರುವ ಹುಡುಗರು ಮೊಬೈಲನ್ನು ಬದಿಗಿಟ್ಟು ನೋಡುತ್ತಾರೆ. ಮಸೆದಾದ ಮೇಲೆ ಅವರು ಮುಂಗೈಯ ಒಂದೆರಡು ರೋಮಗಳ ಮೇಲೆ ಅಲಗನ್ನು ಆಡಿಸಿ, ತಲೆದೂಗಿ, ಕತ್ತಿಯನ್ನು ಮಡಚಿ ಕೊಡುತ್ತಾರೆ. ನಾನು ಕೂಲಿ ಕೊಡುತ್ತೇನೆ, ಅವರು ಎಣಿಸಿ ತೆಗೆದುಕೊಳ್ಳುತ್ತಾರೆ. ಮಂಗಳವಾರ ಅಂಗಡಿಗೆ ರಜೆ. ಆದುದರಿಂದ ನಾನು ಹೋಗುವುದು ಬುಧವಾರ.