ತಾಯಲೂರಿನಲ್ಲೊಂದು ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಊರು ಬದಲಿಸಿ ನೋಡು ಎಂಬ ಮೂರನೆಯ ಮಾತನ್ನು ಸೇರಿಸದೆ ಹೋದರು. ಅವರು ಊರು ಬಿಟ್ಟರೆ ಕ್ಷಾಮಡಾಮರಗಳ ದೆಸೆಯಿಂದ ಬಿಡುತ್ತಿದ್ದರೇ ಹೊರತು ಲೆಕ್ಕ ಹಾಕಿ ಬಿಡುತ್ತಿರಲಿಲ್ಲ. ಲೆಕ್ಕ ಹಾಕಿ ಊರು ಬದಲಿಸುವ ಪ್ರಸಂಗವು ನನ್ನಂತಹ ನಿವೃತ್ತ ನೌಕರರಿಗೆ ಬಂದಿದೆ. ಆ ಲೆಕ್ಕದಲ್ಲಿ ನಾನು ಎಲ್ಲಿ ತಪ್ಪಲಿದ್ದೆನೆಂಬುದನ್ನು ತಿಳಿಸಿದರೆ ವಾಚಕರಲ್ಲಿ ಯಾರಿಗಾದರೂ ಪ್ರಯೋಜನವಾದೀತೆಂದು ಈ ಕೆಲವು ಮಾತುಗಳನ್ನು ಬರೆದಿದ್ದೇನೆ.

ಬೆಂಗಳೂರಿನ ಬಾಡಿಗೆಯ ಮನೆಯೊಂದರಲ್ಲಿ ನಾವು ದಂಪತಿಗಳು 22 ವರ್ಷಗಳನ್ನು ಕಳೆದೆವು. ನಿವೃತ್ತಿವೇತನವು ಆಮೆಯ ನಡಿಗೆಯಲ್ಲಿಯೂ ಬಾಡಿಗೆಯು ಕುದುರೆಯ ಓಟದಲ್ಲಿಯೂ ಸಾಗಲಾರಂಭಿಸಿದ ಮೇಲೆ, ಮುಳಬಾಗಿಲು ತಾಲ್ಲೂಕಿನ ತಾಯಲೂರು ನೆನಪಿಗೆ ಬಂದಿತು. ಅದು ನನ್ನ ಪತ್ನಿಯ ತವರು. ಕೈಯಲ್ಲಿದ್ದುದು ನಿವೃತ್ತಿಯ ಕಾಲದಲ್ಲಿ ಬಂದ ಇಡಿಗಂಟು ಒಂದೇ. ಅದು ಒಮ್ಮೆ ಹೋದರೆ ಮರಳಿ ಸಂಪಾದಿಸುವ ವಯಸ್ಸು ನಮ್ಮದಲ್ಲ. ಆದುದರಿಂದ ಒಂದು ಪುಸ್ತಕದಲ್ಲಿ ಮನೆ, ಜೀವನೋಪಾಯ, ವೈದ್ಯ, ನೀರು ಎಂದು ಈ ಕ್ರಮದಲ್ಲಿ ನಾಲ್ಕು ಶೀರ್ಷಿಕೆಗಳನ್ನು ಬರೆದುಕೊಂಡು, ಕಾರ್ತಿಕ ಮಾಸದಲ್ಲಿ ಹೊರಟೆವು.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಕೆರೆಯಲ್ಲಿ ನೀರಿತ್ತು, ಹೊಲಗಳಲ್ಲಿ ರಾಗಿ ತೆನೆ ಬಾಗಿತ್ತು. ಮನೆಯ ವಿಷಯದಲ್ಲಿ ಮಾತ್ರ ಒಂದು ವಿಚಿತ್ರವು ಕಂಡುಬಂದಿತು. ಬೀಗ ಹಾಕಿದ ಮನೆಗಳು ಹಲವು. ಮಾರಾಟಕ್ಕಿರುವ ಮನೆ ಒಂದೂ ಇಲ್ಲ. ಅಜ್ಜನ ಹೆಸರಿನಲ್ಲಿರುವ ಖಾತೆ, ಊರೂರಿಗೆ ಚದುರಿದ ಮೊಮ್ಮಕ್ಕಳು, ಆಗದೆ ಉಳಿದ ವಿಭಾಗಪತ್ರ. ಗ್ರಾಮಠಾಣದ ಮನೆಯನ್ನು ನೋಂದಾಯಿಸಬೇಕಾದರೆ ಪಂಚಾಯಿತಿಯಿಂದ ಇ-ಸ್ವತ್ತಿನ 9 ಮತ್ತು 11ನೆಯ ನಮೂನೆಗಳು ಬರಬೇಕು. ಅವು ಬರಬೇಕಾದರೆ ವಾರಸುದಾರರೆಲ್ಲರೂ ಒಂದು ಕಡೆ ಕುಳಿತು ಸಹಿ ಮಾಡಬೇಕು. “ಭಾವ, ಇವರೆಲ್ಲ ಒಂದು ಕಡೆ ಸೇರುವುದು ತಿಥಿಗೆ ಮಾತ್ರ; ಆ ದಿನ ಯಾರೂ ಕಾಗದದ ಮಾತು ಎತ್ತುವುದಿಲ್ಲ” ಎಂದು ನನ್ನ ಮೈದುನನು ನಕ್ಕನು.

ಮನೆಯಿಲ್ಲದ ಕಡೆ ನಿವೇಶನವಿದ್ದಿತು. ವ್ಯವಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯಿದೆಯ ವಿಧಿಗಳು 2020ರಲ್ಲಿ ರದ್ದಾದುವು. ಬೆಂಗಳೂರು–ಚೆನ್ನೈ ಹೊಸ ಹೆದ್ದಾರಿಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಸುಮಾರು 71 ಕಿಲೋಮೀಟರು 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಇವೆರಡನ್ನೂ ಬಾಯಿಪಾಠ ಮಾಡಿದ್ದ ದಲ್ಲಾಳಿಯೊಬ್ಬನು ಊರ ಹೊರಗೆ ಕಲ್ಲು ನೆಟ್ಟ ನಿವೇಶನವೊಂದನ್ನು ತೋರಿಸಿ, ಕೊಳವೆಬಾವಿಯ ಗುಂಡಿಯನ್ನೊತ್ತಿ ನೀರು ಚಿಮ್ಮಿಸಿದನು. ಮುಂಗಡ ಕೊಡಲು ನಾನು ಜೇಬಿಗೆ ಕೈಹಾಕಿದೆನು. ಆಗ ನನ್ನಾಕೆಯು, “ಈಗ ಬೇಡಿ. ವೈಶಾಖದಲ್ಲಿ ಇನ್ನೊಂದು ಸಲ ಬಂದು ನೋಡೋಣ” ಎಂದಳು. ತವರಿಗೆ ಹೋಗಲು ನನಗಿಂತ ಅವಳಿಗೇ ಆಸೆಯಿದ್ದೀತೆಂದು ತಿಳಿದಿದ್ದ ನನಗೆ ಈ ಮಾತು ಸ್ವಲ್ಪ ಅಸಮಾಧಾನವನ್ನೇ ಉಂಟುಮಾಡಿತು.

ನಡುವಣ ತಿಂಗಳುಗಳಲ್ಲಿ ಜೀವನೋಪಾಯದ ಪುಟವನ್ನು ತುಂಬಿದೆನು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಈಗ ಈ ಸೀಮೆಯ ಜೀವನವು ಹಾಲು, ರೇಷ್ಮೆ, ಟೊಮೇಟೊಗಳ ಮೇಲೆ ನಿಂತಿದೆ. ಕೋಲಾರದ ಮಾರುಕಟ್ಟೆಯಲ್ಲಿ 2023ರ ಜುಲೈ ತಿಂಗಳಲ್ಲಿ 15 ಕಿಲೋ ಟೊಮೇಟೊ ಪೆಟ್ಟಿಗೆಯು 2,000 ರೂಪಾಯಿಗೂ ಮೀರಿ ಮಾರಿತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆಯ ಬದಿಗೆ ಸುರಿದುದೂ ಉಂಟು. ತಪ್ಪದೆ ಹಣ ತರುವುದು ಡೇರಿಯ ಹಾಲು. ಊರಿನ ಹುಡುಗ ಹುಡುಗಿಯರು ನರಸಾಪುರದ ಮೋಟಾರು ಸೈಕಲ್ಲು, ದೂರವಾಣಿಯಂತ್ರಗಳ ಕಾರ್ಖಾನೆಗಳ ಕಡೆಗೆ ನೋಡುತ್ತಾರೆ. ಮುಳಬಾಗಿಲಿಗೆ ರೈಲಿಲ್ಲ. ಸಣ್ಣ ಜ್ವರಕ್ಕೆ ಊರಿನಲ್ಲಿಯೇ ಮದ್ದು ಸಿಕ್ಕೀತು. ಎದೆನೋವು ಬಂದರೆ ಕೋಲಾರಕ್ಕೆ ಓಡಬೇಕು.

ವೈಶಾಖದಲ್ಲಿ ಹೋದಾಗ ಕೆರೆಯಂಗಳದಲ್ಲಿ ಹುಡುಗರು ಚೆಂಡಾಡುತ್ತಿದ್ದರು. ದಲ್ಲಾಳಿಯು ತೋರಿಸಿದ್ದ ಕೊಳವೆಬಾವಿಯು ಗಾಳಿಯನ್ನು ಉಗುಳುತ್ತಿದ್ದಿತು. ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ನಿಂತಿದ್ದಿತು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರು ಮಳೆಗಾಲದ ಅತಿಥಿ. ಕೆರೆಗಳನ್ನು ನಂಬಿದ್ದ ಸೀಮೆಯು ಕೊಳವೆಬಾವಿಗಳನ್ನು ನಂಬಿ, ಸಾವಿರ ಅಡಿಗೂ ಕೆಳಗೆ ಇಳಿದಿದೆ. ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಮೂಳೆ ಬಿಗಿಯುತ್ತದೆ. ನನ್ನ ಮಾವನವರು ಕೊನೆಯ ವರ್ಷಗಳಲ್ಲಿ ಕತ್ತು ತಿರುಗಿಸಲಾರದೆ ಇದ್ದುದನ್ನು ನಾವು ವಯಸ್ಸಿನ ದೋಷವೆಂದೇ ಎಣಿಸಿದ್ದೆವು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಇದರಿಂದ ಅಂತರ್ಜಲವು ಏರಿತೆನ್ನುವವರೂ, ಶುದ್ಧಿಯು ಎರಡನೆಯ ಹಂತಕ್ಕೇ ನಿಂತಿದೆ, ಸಾಲದು ಎನ್ನುವವರೂ ಇದ್ದಾರೆ. ನಾವು ಬೆಂಗಳೂರಿನಲ್ಲಿ ಚೆಲ್ಲಿದ ನೀರೇ ನಮಗಿಂತ ಮೊದಲು ಇತ್ತ ಕಡೆಗೆ ವಲಸೆ ಬಂದಿತ್ತು.

ಮನೆಯ ಹಿಂದಿದ್ದ ಬಾವಿಯ ಕಟ್ಟೆಯ ಮೇಲೆ ನನ್ನಾಕೆಯು ಬಹಳ ಹೊತ್ತು ಕುಳಿತಿದ್ದಳು. ಅದರೊಳಗೆ ಈಗ ಕಸ ತುಂಬಿದೆ. “ನಾನು ಮದುವೆಯಾಗಿ ಹೊರಟ ವರ್ಷವೇ ಇದು ಬತ್ತಿತ್ತು. ನಿಮಗೆ ಹೇಳಿರಲಿಲ್ಲ, ತವರಿನ ಬಡತನವನ್ನು ಹೇಳಿದಂತಾಗುತ್ತಿತ್ತು” ಎಂದಳು. ಕಾರ್ತಿಕದಲ್ಲಿ ಅವಳು ನನ್ನ ಕೈ ತಡೆದುದರ ಕಾರಣವು ನನಗೆ ಅಂದು ತಿಳಿಯಿತು.

ಆದರೂ ನಾವು ತಾಯಲೂರನ್ನು ಬಿಡಲಿಲ್ಲ. ಅಕ್ಕಪಕ್ಕದವರು ತೆಲುಗು ಬೆರೆತ ಕನ್ನಡದಲ್ಲಿ ಕರೆದು ಊಟಕ್ಕಿಡುವ ಊರನ್ನು ನೀರಿನ ಒಂದು ಪುಟಕ್ಕಾಗಿ ತಳ್ಳಿಹಾಕಲು ಮನಸ್ಸಾಗಲಿಲ್ಲ; ಆ ಪುಟವನ್ನು ಕಂಡಮೇಲೆ ಗಂಟನ್ನು ನೆಲದಲ್ಲಿ ಹೂಳಲು ಧೈರ್ಯವೂ ಆಗಲಿಲ್ಲ. ಮೈದುನನ ನೆರೆಯ ಮನೆಯನ್ನು ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದು, ಸೂರಿನ ನೀರನ್ನು ಹಿಡಿಯಲು ತೊಟ್ಟಿಯೊಂದನ್ನು ಕಟ್ಟಿಸಿದ್ದೇವೆ. ಹಣವು ಬ್ಯಾಂಕಿನಲ್ಲಿದೆ. ಪುಸ್ತಕದಲ್ಲಿ ಶೀರ್ಷಿಕೆಗಳ ಕ್ರಮವನ್ನು ತಿದ್ದಿ, ನೀರನ್ನು ಮೊದಲಿಗೆ ಬರೆದಿದ್ದೇನೆ.

ಊರು ಬದಲಿಸಲೆಣಿಸುವ ಮಿತ್ರರು ವೈಶಾಖದಲ್ಲಿ ಹೊರಡಲಿ. ನಮ್ಮ ಕಡೆ ಬಂದರೆ ಕುಡಿಯಲು ಒಂದು ಲೋಟ ನೀರು ಕೊಡುವೆವು. ಅದು ಎಲ್ಲಿಂದ ಬಂದಿತೆಂಬುದನ್ನೂ ಹೇಳುವೆವು.